ಮೊದಲು ಮಾತಿನ ಕ್ಯಾಸೆಟ್, ಆಮೇಲೆ ಹಾಡಿನ ರೆಕಾರ್ಡ್

ದುಬೈ ಡ್ಯೂಟಿ ಡೈರಿ – ಕಂತು 31

ಸಾಲಾಗಿ ಮೂರು ನೈಟ್ ಡ್ಯೂಟಿ ಮುಗಿಸಿ ಇವತ್ತು ರಜೆ. ಹೊರಗೆ 44 ಡಿಗ್ರಿ, ಕಿಟಕಿ ಪರದೆ ಸರಿಸುವ ಧೈರ್ಯವೂ ಇಲ್ಲ. ಕುಂದಾಪುರದಲ್ಲಿ ಮಳೆ ಹಿಡಿದಿದೆ ಅಂತ ನಿಮ್ಮೆಲ್ಲರ ಸ್ಟೇಟಸ್ ನೋಡಿಯೇ ಗೊತ್ತಾಯಿತು. ಒಬ್ಬರಾದರೂ ಹಲಸಿನ ಹಪ್ಪಳದ ಫೋಟೋ ಹಾಕದೆ ಇದ್ದೀರಾ? ಹೊಟ್ಟೆ ಉರಿಸುವುದಕ್ಕೂ ಒಂದು ಮಿತಿ ಬೇಕು.

ಇವತ್ತಿನ ಕಂತು ಸ್ವಲ್ಪ ಜಗಳದ್ದು. ಅಣ್ಣಯ್ಯ ಓದುತ್ತಾನೆ ಅಂತ ಗೊತ್ತಿದ್ದೇ ಬರೆಯುತ್ತಿದ್ದೇನೆ.

ನಮ್ಮ ಹಳೇ ಮನೆ ದಸರಾ ಕಳೆದ ಮೇಲೆ ಕೆಡವುತ್ತಾರೆ. ಅಟ್ಟದಲ್ಲಿ ಎರಡು ಪೆಟ್ಟಿಗೆ ಇದೆ. ಒಂದರಲ್ಲಿ ಹನ್ನೆರಡು ಎಲ್‌ಪಿ ರೆಕಾರ್ಡ್, ಇನ್ನೊಂದರಲ್ಲಿ ಎಪ್ಪತ್ತಕ್ಕೂ ಹೆಚ್ಚು ಕ್ಯಾಸೆಟ್. ಅಣ್ಣಯ್ಯ ಫೋನ್ ಮಾಡಿ, "ಎಲ್ಲಾ ಯೂಟ್ಯೂಬಂಗೆ ಇತ್ತಲೆ, ಎಂತಕ್ ಈ ಕಸ? ಗುಜರಿಯವ್ನಿಗೆ ಕೊಡ್ತೆ" ಅಂದ. ನಾನು "ಒಂದನ್ನೂ ಮುಟ್ಟಬೇಡ" ಅಂದೆ. ಅಲ್ಲಿಂದ ಹದಿನೈದು ದಿನ ಮಾತಿಲ್ಲ.

ಅಣ್ಣಯ್ಯನ ಮಾತಿನಲ್ಲಿ ಅರ್ಧ ಸತ್ಯ ಇದೆ. ಅದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. 1972ರ 'ಬಂಗಾರದ ಮನುಷ್ಯ', 'ನಾಗರಹಾವು' ಎರಡರ ಹಾಡೂ ಇವತ್ತು ಒಂದು ಬೆರಳು ಒತ್ತಿದರೆ ಸಿಗುತ್ತವೆ. ನಮ್ಮ ಗೀರು ಬಿದ್ದ ಎಲ್‌ಪಿಯಿಂದ ನಾನು ತೆಗೆಯುವ ಕಾಪಿಗಿಂತ ಚೆನ್ನಾಗಿಯೇ ಸಿಗುತ್ತವೆ. ಎಲ್‌ಪಿ ಗಟ್ಟಿ ಜೀವವೂ ಹೌದು. ಬಿಸಿಲು ತಾಗಿಸದೆ, ಮಲಗಿಸದೆ ನೆಟ್ಟಗೆ ನಿಲ್ಲಿಸಿಟ್ಟರೆ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಬಾಳುತ್ತದೆ. ಅದಕ್ಕೆ ಅವಸರ ಇಲ್ಲ.

ಅವಸರ ಇರುವುದು ಎರಡನೇ ಪೆಟ್ಟಿಗೆಗೆ. ಎಮರ್ಜೆನ್ಸಿಯಲ್ಲಿ ಕೆಲಸ ಮಾಡಿದವರಿಗೆ ಟ್ರಯಾಜ್ ಗೊತ್ತು. ಜೋರಾಗಿ ಕೂಗುವವರ ಹತ್ತಿರ ಮೊದಲು ಓಡಬಾರದು, ಮೂಲೆಯಲ್ಲಿ ಸುಮ್ಮನೆ ಬಿದ್ದಿರುವವರನ್ನು ಮೊದಲು ನೋಡಬೇಕು. ರಾಜಕುಮಾರ್ ಚಿತ್ರ ಇರುವ ಬಣ್ಣದ ಕವರಿನ ಎಲ್‌ಪಿ ಕೂಗುವ ರೋಗಿ. ಪೆನ್ನಿನಲ್ಲಿ ಬರೆದ ಹೆಸರೂ ಅಳಿಸಿಹೋದ ಕ್ಯಾಸೆಟ್ ಮೂಲೆಯ ರೋಗಿ. ಅದರ ಇನ್ನೊಂದು ಕಾಪಿ ಪ್ರಪಂಚದಲ್ಲಿ ಎಲ್ಲಿಯೂ ಇಲ್ಲ.

ನಮ್ಮ ಕರಾವಳಿಯ ಮನೆಗಳಲ್ಲಿ ಎಂತೆಂತ ಕ್ಯಾಸೆಟ್ ಇತ್ತು ನೆನಪು ಮಾಡಿಕೊಳ್ಳಿ. ಬಯಲಾಟದ ಲೌಡ್‌ಸ್ಪೀಕರ್ ಹತ್ತಿರ ಟೇಪ್‌ರೆಕಾರ್ಡರ್ ಇಟ್ಟು ರಾತ್ರಿಯಿಡೀ ತುಂಬಿಸಿಕೊಂಡದ್ದು. 1976ರಲ್ಲಿ ಮಂಗಳೂರು ಆಕಾಶವಾಣಿ ಶುರುವಾದ ಮೇಲೆ ರೇಡಿಯೋದಿಂದ ಹಿಡಿದ ತಾಳಮದ್ದಳೆ. ಕಾಳಿಂಗ ನಾವಡರು 1990ರಲ್ಲಿ ತೀರಿಕೊಂಡರು. ಇವತ್ತಿಗೂ ಅವರ ಪದ ನಮ್ಮ ಕಿವಿಗೆ ಬೀಳುತ್ತಿದ್ದರೆ ಅದಕ್ಕೆ ಆ ಕಾಲದ ಕ್ಯಾಸೆಟ್ಟೇ ಕಾರಣ, ಅದನ್ನು ಎತ್ತಿಟ್ಟವರೇ ಕಾರಣ. ಇನ್ನು ಮದುವೆಮನೆಯ ಗಲಾಟೆ, ಅಜ್ಜಿಯ ಕತೆ. ಎಲ್ಲಕ್ಕಿಂತ ಮುಖ್ಯವಾಗಿ ಗಲ್ಫಿನ ಕ್ಯಾಸೆಟ್ ಕಾಗದ.

ಚಿಕ್ಕವರಿಗೆ ಗೊತ್ತಿರಲಿಕ್ಕಿಲ್ಲ. 80ರ ದಶಕದಲ್ಲಿ ಅಪ್ಪಯ್ಯ ದೇರಾದಲ್ಲಿ ಕೆಲಸಕ್ಕಿದ್ದಾಗ ನಮ್ಮ ಮನೆಗೆ ಫೋನ್ ಇರಲಿಲ್ಲ. ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಅಪ್ಪಯ್ಯ ರೂಮಿನಲ್ಲಿ ಎಲ್ಲರೂ ಮಲಗಿದ ಮೇಲೆ ಕ್ಯಾಸೆಟ್ಟಿನಲ್ಲಿ ಮಾತಾಡಿ, ಊರಿಗೆ ಹೊರಟವರ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದರು. ಅವರೇ ತಂದುಕೊಟ್ಟ ಟೂ-ಇನ್-ವನ್‌ನಲ್ಲಿ ಮನೆಯವರೆಲ್ಲ ಸುತ್ತ ಕೂತು ಕೇಳುವುದು. ಆಮೇಲೆ ಅದೇ ಕ್ಯಾಸೆಟ್ಟಿನ ಮೇಲೆ ನಮ್ಮ ಉತ್ತರ ತುಂಬಿಸಿ ವಾಪಸ್ ಕಳಿಸುವುದು. ಖಾಲಿ ಕ್ಯಾಸೆಟ್ಟಿಗೆ ದುಡ್ಡು ಯಾರು ಕೊಡುತ್ತಾರೆ? ಹಾಗಾಗಿ ಅಪ್ಪಯ್ಯನ ಮಾತನ್ನು ನಾವೇ ಅಳಿಸಿದೆವು, ನಮ್ಮ ಮಾತನ್ನು ಅಪ್ಪಯ್ಯ ಅಳಿಸಿದರು. ಹೋಗಿ ಬಂದು ಉಳಿದದ್ದು ಒಂದೇ ಒಂದು.

ಆ ಕತೆಗೆ ಮೊದಲು ನಾನು ಮಾಡಿದ ತಪ್ಪು ಹೇಳಬೇಕು.

2012ರಲ್ಲಿ ರಜೆಗೆ ಬಂದಾಗ ಅಜ್ಜಿಯ ಕತೆಯ ಕ್ಯಾಸೆಟ್ ಕಂಪ್ಯೂಟರಿಗೆ ಹಾಕಿದೆ. ಟೇಪ್‌ರೆಕಾರ್ಡರಿನ ಹೆಡ್‌ಫೋನ್ ತೂತಿನಿಂದ ಲ್ಯಾಪ್‌ಟಾಪಿನ ಮೈಕ್ ತೂತಿಗೆ ಒಂದು ವೈರ್. ಬರ್‌ಬರ್ ಅನ್ನುವ ಸದ್ದು ಬಂತು. ನಾನು ಮಹಾ ಬುದ್ಧಿವಂತೆ, ನಾಯ್ಸ್ ರಿಮೂವಲ್ ಒತ್ತಿದೆ. ಜಾಗ ಉಳಿಯಲಿ ಅಂತ 64 ಕೆಬಿಪಿಎಸ್ ಎಂಪಿ3 ಮಾಡಿದೆ. ಕಾಪಿ ಆಯಿತಲ್ಲ ಅಂತ ಕ್ಯಾಸೆಟ್ ಎಸೆದೆ. ಅಜ್ಜಿ ತೀರಿಹೋಗಿ ಆಗಲೇ ನಾಲ್ಕು ವರ್ಷ.

ಅಮ್ಮನಿಗೆ ಕೇಳಿಸಿದೆ. ಅಮ್ಮ ಕೊನೆಯವರೆಗೂ ಕೇಳಿ ಒಂದೇ ಪ್ರಶ್ನೆ ಕೇಳಿದರು. "ಮಗಾ, ಅವತ್ತ್ ಜೋರ್ ಮಳಿ ಇದ್ದಿತ್. ಆ ಮಳಿ ಶಬ್ದ ಎಲ್ ಹೋಯ್ತ್?"

ನಾಯ್ಸ್ ರಿಮೂವಲ್ ಕೆಲಸ ಮಾಡುವುದೇ ಹಾಗೆ. ಒಂದೇ ಸಮನೆ ಬರುವ ಸದ್ದನ್ನು ಕಸ ಅಂತ ತಿಳಿದು ಗುಡಿಸಿಬಿಡುತ್ತದೆ. ಟೇಪಿನ ಸುಯ್ಯೆನ್ನುವ ಸದ್ದೂ, ಹಂಚಿನ ಮೇಲೆ ಬೀಳುವ ಆಷಾಢದ ಮಳೆಯೂ ಅದಕ್ಕೆ ಒಂದೇ. ಮಳೆಯ ಜೊತೆ ಅಜ್ಜಿಯ ದನಿಯ ಅರ್ಧವೂ ಹೋಯಿತು. ಈಗ ಕೇಳಿದರೆ ಕೊಡಪಾನದೊಳಗೆ ಕೂತು ಮಾತಾಡಿದ ಹಾಗಿದೆ. ಸರಿ ಮಾಡೋಣ ಅಂದರೆ ಮೂಲ ಕ್ಯಾಸೆಟ್ ಇಲ್ಲ. ಅದನ್ನು ಎಸೆದವಳು ನಾನೇ.

ಆದ್ದರಿಂದ ನನ್ನ ಮೊದಲ ಅಭಿಪ್ರಾಯ: ಸ್ವಚ್ಛ ಮಾಡಬೇಡಿ. ಮೊದಲು ಇದ್ದದ್ದನ್ನು ಇದ್ದ ಹಾಗೆ ಇಳಿಸಿಕೊಳ್ಳಿ. ಚಂದ ಮಾಡುವುದಿದ್ದರೆ ಅದರ ಕಾಪಿಯ ಮೇಲೆ ಮಾಡಿ. ಧ್ವನಿ ದಾಖಲೆ ಕಾಯುವವರ ಅಂತರರಾಷ್ಟ್ರೀಯ ಸಂಘ ಐಎಎಸ್‌ಎ ಹೇಳುವುದೂ ಇದನ್ನೇ. ಸಂಗ್ರಹಕ್ಕೆ ಇಡುವ ಪ್ರತಿ ತಿದ್ದದೆ, ಕುಗ್ಗಿಸದೆ ಇರಬೇಕು, ಕನಿಷ್ಠ 48 ಕಿಲೋಹರ್ಟ್ಸ್, 24 ಬಿಟ್ ಇರಬೇಕು ಅಂತ. ಮನೆ ಮಟ್ಟಿಗೆ ಸಿಡಿ ಗುಣಮಟ್ಟದ ವೇವ್ ಫೈಲ್ ಆದರೂ ಸಾಕು ಅನ್ನುತ್ತೇನೆ ನಾನು. ನಿಮಿಷಕ್ಕೆ ಸುಮಾರು 10 ಎಂಬಿ. ಒಂದು ಗಂಟೆಯ ಕ್ಯಾಸೆಟ್ಟಿಗೆ 600 ಎಂಬಿ ಚಿಲ್ಲರೆ. ಒಂದು ಟಿಬಿ ಡಿಸ್ಕಿನಲ್ಲಿ ಸಾವಿರದ ಐನೂರು ಕ್ಯಾಸೆಟ್ ಹಿಡಿಯುತ್ತದೆ. ಜಾಗ ಉಳಿಸುವ ಕಾಲ ಹೋಯಿತು.

ಎರಡನೆಯದು, ಹಳೇ ಕಂಪ್ಯೂಟರ್ ಎಸೆಯಬೇಡಿ. ನಗಬೇಡಿ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಚೇಚಿಯೊಬ್ಬರು ರಾಜೀನಾಮೆ ಕೊಟ್ಟು ಊರಿಗೆ ಹೊರಟಾಗ ತಮ್ಮ ಪೆಂಟಿಯಂ 4 ಡೆಸ್ಕ್‌ಟಾಪ್ ನನಗೆ ದಾಟಿಸಿದರು. ವಿಂಡೋಸ್ ಎಕ್ಸ್‌ಪಿ. ಕರಾಮದ ನಮ್ಮ ರೂಮಿನಲ್ಲಿ ಅದು ಎರಡು ವರ್ಷ ಇಸ್ತ್ರಿ ಬಟ್ಟೆ ಇಡುವ ಸ್ಟ್ಯಾಂಡ್ ಆಗಿತ್ತು. ಅದರ ಹಿಂದೆ ಮೂರು ತೂತು. ಗುಲಾಬಿ ಬಣ್ಣದ್ದು ಮೈಕ್, ಹಸಿರು ಸ್ಪೀಕರ್, ನೀಲಿ ಬಣ್ಣದ್ದು ಲೈನ್ ಇನ್. ಆ ನೀಲಿ ತೂತೇ ಬಂಗಾರ. ಟೇಪ್ ಡೆಕ್ಕಿನಿಂದ ಬರುವ ಸದ್ದನ್ನು ಎಡ ಬಲ ಎರಡೂ ಕಡೆ ಸರಿಯಾಗಿ ತೆಗೆದುಕೊಳ್ಳುವುದು ಅದು. ಈಗಿನ ಹೆಚ್ಚಿನ ಲ್ಯಾಪ್‌ಟಾಪಿನಲ್ಲಿ ಇರುವುದು ಫೋನ್ ಮಾದರಿಯ ಒಂದೇ ತೂತು, ಅದರ ಮೈಕ್ ಒಂದೇ ಕಿವಿಯದ್ದು. ಅದಕ್ಕೇ ನನ್ನ ಅಜ್ಜಿಯ ಸದ್ದು ಬರ್‌ಬರ್ ಅಂದದ್ದು. ಹೊಸ ಕಂಪ್ಯೂಟರ್ ಇದ್ದವರು ಲೈನ್ ಇನ್ ಇರುವ ಯುಎಸ್‌ಬಿ ಸೌಂಡ್ ಕಾರ್ಡ್ ತಗೊಂಡರಾಯಿತು. ಎಕ್ಸ್‌ಪಿಗೆ 2014ರಿಂದ ರಕ್ಷಣೆಯ ಅಪ್‌ಡೇಟ್ ನಿಂತಿದೆ. ಹಾಗಾಗಿ ನಾನು ಅದಕ್ಕೆ ಇಂಟರ್ನೆಟ್ ಕೊಟ್ಟೇ ಇಲ್ಲ. ಅಡಾಸಿಟಿಯ ಹಳೇ ಆವೃತ್ತಿ, ಒಂದು ಪೆನ್‌ಡ್ರೈವ್, ಅಷ್ಟೇ ಅದರ ಸಂಸಾರ.

ಎಲ್‌ಪಿ ಇಳಿಸುವವರಿಗೆ ಒಂದು ಮಾತು. ರೆಕಾರ್ಡ್ ಪ್ಲೇಯರಿನ ಮುಳ್ಳಿನಿಂದ ಬರುವ ಸದ್ದು ಬಹಳ ಸಣ್ಣದು. ರೆಕಾರ್ಡ್ ಕೊರೆಯುವಾಗಲೇ ದಪ್ಪ ಸದ್ದನ್ನು ಕಡಿಮೆ ಮಾಡಿರುತ್ತಾರೆ, ನುಡಿಸುವಾಗ ಅದನ್ನು ವಾಪಸ್ ಕೂಡಿಸಬೇಕು. ಆ ಕೆಲಸಕ್ಕೆ ಫೋನೋ ಪ್ರೀಆಂಪ್ ಬೇಕು. ಅದಿಲ್ಲದೆ ನೇರ ಹಾಕಿದರೆ ತಗಡು ಬಡಿದ ಹಾಗೆ ಕೇಳುತ್ತದೆ. ಅಜ್ಜನ ಕಾಲದ 78ರ ರೆಕಾರ್ಡಿಗೆ ಎಲ್‌ಪಿಯ ಮುಳ್ಳು ಹಾಕಬೇಡಿ. ಅದರ ಗೀರು ಅಗಲ, ಮುಳ್ಳೂ ಬೇರೆ.

ಕ್ಯಾಸೆಟ್ಟಿಗೆ ನಮ್ಮ ಊರಿನ ಶತ್ರು ಬೂಸ್ಟು. ಕಿಟಕಿಯಲ್ಲಿ ಬಿಳಿ ಪುಡಿ ಕಂಡರೆ ಹಾಕಿ ನುಡಿಸಬೇಡಿ. ಟೇಪೂ ಹಾಳು, ಡೆಕ್ಕೂ ಹಾಳು. ಬಿಚ್ಚುವುದಾದರೆ ಮಾಸ್ಕ್ ಹಾಕಿಕೊಳ್ಳಿ, ಇದು ನರ್ಸ್ ಆಗಿ ಹೇಳುತ್ತಿದ್ದೇನೆ. ವಿಮಾನದಲ್ಲಿ ತಂದರೆ ಎಕ್ಸ್‌ರೇಗೆ ಅಳಿಸಿಹೋಗುತ್ತದಾ ಅಂತ ಮೂರು ಜನ ಕೇಳಿದ್ದೀರಿ. ಇಲ್ಲ. ಟೇಪಿಗೆ ಭಯ ಅಯಸ್ಕಾಂತದ್ದು, ಎಕ್ಸ್‌ರೇದಲ್ಲ.

ಈಗ ಆ ಒಂದು ಕ್ಯಾಸೆಟ್ಟಿನ ಕತೆ.

ಕಳೆದ ರಜೆಯಲ್ಲಿ ಪೆಟ್ಟಿಗೆ ಬಿಚ್ಚಿದಾಗ ಸಿಕ್ಕಿತು. ಮೇಲೆ '1986' ಅಂತ ಮಾತ್ರ ಬರೆದಿತ್ತು. ಅದರ ಬೆನ್ನಿನ ಎರಡು ಪ್ಲಾಸ್ಟಿಕ್ ಚೂರು ಮುರಿದಿತ್ತು. ಗೊತ್ತಲ್ಲ, ಅದನ್ನು ಮುರಿದರೆ ಮೇಲೆ ಬೇರೆ ಏನೂ ರೆಕಾರ್ಡ್ ಮಾಡಲಾಗುವುದಿಲ್ಲ. ಯಾರು ಮುರಿದದ್ದು ಅಂತ ಕೇಳಿದೆ. ಅಮ್ಮ ಒಲೆ ಕಡೆ ತಿರುಗಿ, "ನಾನೇ, ಹೇರ್‌ಪಿನ್ನಂಗೆ" ಅಂದರು. ಅಷ್ಟೇ.

ಅದನ್ನು ಕೈಚೀಲದಲ್ಲಿ ದುಬೈಗೆ ತಂದೆ. ಒಂದು ಶನಿವಾರ ನೀಲಿ ತೂತಿಗೆ ಹಾಕಿದೆ. ಇಲ್ಲಿ ಅವಸರ ನಡೆಯುವುದಿಲ್ಲ, ಅರ್ಧ ಗಂಟೆಯ ಬದಿ ಇಳಿಯಲು ಅರ್ಧ ಗಂಟೆಯೇ ಬೇಕು. ಹಾಗಾಗಿ ಕೂತು ಕೇಳಲೇಬೇಕಾಯಿತು. ಅಪ್ಪಯ್ಯ ತೀರಿಕೊಂಡು ಒಂಬತ್ತು ವರ್ಷ. ನನಗಿಂತ ಚಿಕ್ಕ ಪ್ರಾಯದ ಅಪ್ಪಯ್ಯ ನನ್ನ ರೂಮಿನಲ್ಲಿ ಮಾತಾಡಿದರು. ನನ್ನ ಹಲ್ಲು ಬಂತಾ ಅಂತ ಕೇಳಿದರು. ಗದ್ದೆ ಅಡವಿನ ಲೆಕ್ಕ ಹೇಳಿದರು. ಆಮೇಲೆ ಮನೆಯ ಒಬ್ಬರ ಬಗ್ಗೆ ತುಂಬಾ ಕಠಿಣ ಮಾತು ಆಡಿದರು. ಆಮೇಲೆ ಸ್ವಲ್ಪ ಹೊತ್ತು ಮಾತೇ ಇಲ್ಲ, ಫ್ಯಾನಿನ ಸದ್ದು ಮಾತ್ರ. ಅವರು ಅಳುತ್ತಿದ್ದರು ಅಂತ ನನಗೆ ಗೊತ್ತಾಗಲು ಸ್ವಲ್ಪ ಸಮಯ ಹಿಡಿಯಿತು.

ಇದು ತಿಳಿದ ಮೇಲೆ ಅಣ್ಣಯ್ಯನ ಮಾತು ಬದಲಾಯಿತು. "ಆ ಕಠಿಣ ಮಾತು ಕಟ್ ಮಾಡಿ ಉಳಿದದ್ದು ಫ್ಯಾಮಿಲಿ ಗ್ರೂಪಿಗೆ ಹಾಕು" ಅಂದ. ಚಿಕ್ಕಿಯ ಮಗಳು, "ಕಟ್ ಯಾಕೆ, ಎಲ್ಲಾ ಹಾಕು" ಅಂದಳು.

ನನಗೆ ಎರಡೂ ಒಪ್ಪಿಗೆ ಇಲ್ಲ. ಉಳಿಸುವುದು ಬೇರೆ, ಹಂಚುವುದು ಬೇರೆ. ಆಸ್ಪತ್ರೆಯಲ್ಲಿ ರೋಗಿಯ ಫೈಲಿನಿಂದ ಒಂದು ಹಾಳೆ ಹರಿಯುವಂತಿಲ್ಲ, ಹಾಗೆಂದು ಆ ಫೈಲನ್ನು ಕಾರಿಡಾರಿನಲ್ಲಿ ಓದಿಹೇಳುವಂತೆಯೂ ಇಲ್ಲ. ಮೂಲ ಫೈಲಿನಲ್ಲಿ ಒಂದು ಕ್ಷಣವೂ ಕಟ್ ಆಗಬಾರದು, ಆ ಫ್ಯಾನಿನ ಸದ್ದು ಕೂಡ. ಆದರೆ ಯಾರು ಕೇಳಬೇಕು ಅನ್ನುವುದನ್ನು ಆ ಮಾತು ಯಾರಿಗಾಗಿ ಆಡಿದ್ದೋ ಅವರು ಹೇಳಬೇಕು. ಅಪ್ಪಯ್ಯ ಗ್ರೂಪಿಗೆ ಮಾತಾಡಲಿಲ್ಲ. ಅಮ್ಮನಿಗೆ, ಅಜ್ಜಿಗೆ ಮಾತಾಡಿದ್ದು.

ಅಮ್ಮನನ್ನು ಕೇಳಿದೆ. ಇಯರ್‌ಫೋನ್ ಹಾಕಿಕೊಂಡು ಪೂರ್ತಿ ಕೇಳಿ ಅಮ್ಮ ಅಂದದ್ದು: "ಇಟ್ಕೋ. ನಾ ಇಪ್ಪತನಕ ಯಾರಿಗೂ ಕೊಡ್ಬೇಡ." ಅಲ್ಲಿಗೆ ಮುಗಿಯಿತು. ಚಿಕ್ಕಿಯ ಮಗಳೇ, ಬೇಜಾರು ಮಾಡಿಕೊಳ್ಳಬೇಡ.

ಐಸಿಯುನಲ್ಲಿ ಪ್ರಜ್ಞೆ ಇಲ್ಲದ ರೋಗಿಯ ಕಿವಿಯ ಹತ್ತಿರ ಫೋನ್ ಹಿಡಿಯಲು ಮನೆಯವರು ನಮಗೆ ಹೇಳುತ್ತಾರೆ. ಯಾವ ದೇಶದವರೇ ಇರಲಿ, ಅವರು ಕಳಿಸುವುದು ಹೆಚ್ಚಾಗಿ ಮಾತು. "ಊಟ ಆಯ್ತಾ, ನಾವೆಲ್ಲ ಇದ್ದೇವೆ" ಅನ್ನುವಂಥ ಸಾದಾ ಮಾತು. ಮಾತಿನ ಕ್ಯಾಸೆಟ್ ಮೊದಲು ಅಂತ ನಾನು ಹಟ ಹಿಡಿಯುವುದು ಅದಕ್ಕೇ.

ದೊಡ್ಡವರ ದನಿ ಉಳಿಸುವವರು ಇದ್ದಾರೆ. ಗೋಹರ್ ಜಾನ್ 1902ರಲ್ಲಿ ಕಲ್ಕತ್ತೆಯಲ್ಲಿ ಹಾಡಿದ್ದು, 1930ರಲ್ಲಿ ಮೈಸೂರಿನಲ್ಲಿ ತೀರಿಕೊಂಡದ್ದು, ಅವರ ದನಿ ಇವತ್ತೂ ಕೇಳುತ್ತದೆ. ಮುಂಬೈಯ ರೆಕಾರ್ಡ್ ಸಂಗ್ರಾಹಕರ ಸಂಘದವರು ಬ್ರಿಟಿಷ್ ಲೈಬ್ರರಿಯ ನೆರವಿನಿಂದ 'ಯಂಗ್ ಇಂಡಿಯಾ' ಕಂಪನಿಯ ಹಳೇ ರೆಕಾರ್ಡುಗಳನ್ನು ಡಿಜಿಟಲ್ ಮಾಡಿದ್ದಾರೆ. ಇಲ್ಲಿ ಅಬುಧಾಬಿಯ ನ್ಯಾಷನಲ್ ಲೈಬ್ರರಿ ಆಂಡ್ ಆರ್ಕೈವ್ಸ್‌ನವರು ಈ ನಾಡಿನ ಹಿರಿಯರನ್ನು ಕೂರಿಸಿ ಹಳೇ ದಿನಗಳ ಮಾತು ರೆಕಾರ್ಡ್ ಮಾಡಿಡುತ್ತಾರೆ. ಆದರೆ ಅದೇ ಊರಿನಲ್ಲಿ ಒಂದೇ ರೂಮಿನಲ್ಲಿ ಎಂಟು ಜನ ಮಲಗಿ ದುಡಿದ ನಮ್ಮವರ ಮಾತು ನಮ್ಮ ಅಟ್ಟದಲ್ಲಿದೆ. ಅದನ್ನು ಹುಡುಕಿಕೊಂಡು ಯಾವ ಲೈಬ್ರರಿಯೂ ಬರುವುದಿಲ್ಲ. ನಾವೇ ಮಾಡಬೇಕು.

ಕೊನೆಯದಾಗಿ ಲೇಬಲ್. ರಕ್ತ ತೆಗೆದ ಟ್ಯೂಬಿಗೆ ರೋಗಿಯ ಹಾಸಿಗೆ ಪಕ್ಕದಲ್ಲೇ ಲೇಬಲ್ ಹಚ್ಚಬೇಕು, ಆಮೇಲೆ ಮಾಡುತ್ತೇನೆ ಅಂದರೆ ಅದು ಯಾರ ರಕ್ತ ಅಂತ ದೇವರಿಗೇ ಗೊತ್ತು. ಹಾಗೆಯೇ ಇಳಿಸಿದ ದಿನವೇ ಫೈಲಿಗೆ ಹೆಸರಿಡಿ: ಯಾರು, ಎಲ್ಲಿ, ಯಾವ ವರ್ಷ, ಯಾವ ಬದಿ. 'ಟ್ರ್ಯಾಕ್ 01' ಅಂತ ಬಿಟ್ಟರೆ ನಿಮ್ಮ ಮಕ್ಕಳು ಅದನ್ನೂ ಕಸ ಅನ್ನುತ್ತಾರೆ. ಎರಡು ಕಾಪಿ ಎರಡು ಮನೆಯಲ್ಲಿ ಇಡಿ. ಕ್ಯಾಸೆಟ್ ಮಾತ್ರ ಎಸೆಯಬೇಡಿ.

ಅಣ್ಣಯ್ಯ ನಿನ್ನೆ ಫೋನ್ ಮಾಡಿದ್ದ. ಎಲ್‌ಪಿ ಪೆಟ್ಟಿಗೆ ಅವನೇ ಇಟ್ಟುಕೊಳ್ಳುತ್ತಾನಂತೆ, 'ನಾಗರಹಾವು' ಕವರ್ ಫ್ರೇಮ್ ಹಾಕಿಸುತ್ತಾನಂತೆ. ಹಾಕಿಸಲಿ. ಕ್ಯಾಸೆಟ್ ಪೆಟ್ಟಿಗೆಯನ್ನು ಅಕ್ಕಿ ಡಬ್ಬಿಯ ಪಕ್ಕ, ಒಣ ಜಾಗದಲ್ಲಿ ಇಟ್ಟಿದ್ದೇನೆ ಅಂದ. ಕೇಳಿ ಜೀವ ಬಂತು.

ಡಿಸೆಂಬರಿನಲ್ಲಿ ಮೂರು ವಾರ ರಜೆ ಇದೆ. ನೀಲಿ ತೂತಿನ ಕಂಪ್ಯೂಟರ್ ಇಲ್ಲಿಯೇ ಇರುತ್ತದೆ, ಆದರೆ ಯುಎಸ್‌ಬಿ ಕಾರ್ಡ್, ರಿಪೇರಿ ಮಾಡಿಸಿದ ಡೆಕ್ ತರುತ್ತೇನೆ. ಮಾವನ ಮನೆ, ಚಿಕ್ಕಿ ಮನೆ, ಶಾಲೆ ಗೆಳತಿಯರ ಮನೆಯವರು ಅಟ್ಟ ಹತ್ತಿ ನೋಡಿ. ಬೆನ್ನಿನ ಚೂರು ಮುರಿದ ಕ್ಯಾಸೆಟ್ ಸಿಕ್ಕರೆ ಅದನ್ನು ಮೊದಲು ತೆಗೆದಿಡಿ. ಯಾರೋ ಬೇಕು ಅಂತಲೇ ಉಳಿಸಿದ್ದು ಅದು.

ಊಟದ ಹೊತ್ತಾಯಿತು. ಇವತ್ತು ಗಂಜಿ, ಮಾವಿನಮಿಡಿ ಉಪ್ಪಿನಕಾಯಿ. ಹಪ್ಪಳ ನಿಮ್ಮ ಫೋಟೋದಲ್ಲಿ ಮಾತ್ರ.