ವಯಸ್ಸು ಕಾಣುವುದು ಮರುದಿನ ಬೆಳಿಗ್ಗೆ

ಬೌಲರನಿಗೆ ವಯಸ್ಸಾಗಿದೆ ಎಂಬುದು ಅವನು ಚೆಂಡು ಎಸೆಯುವ ಗಳಿಗೆಯಲ್ಲಿ ಸುಲಭಕ್ಕೆ ತಿಳಿಯುವುದಿಲ್ಲ. ಮೂವತ್ತೈದು ದಾಟಿದವನೂ ಒಂದು ಎಸೆತವನ್ನು ಇಪ್ಪತ್ತೈದರ ಪ್ರಾಯದಲ್ಲಿ ಹಾಕಿದಂತೆಯೇ ಹಾಕಬಲ್ಲ. ಇಡೀ ಒಂದು ಓವರನ್ನೂ ಹಾಕಬಲ್ಲ. ಇಪ್ಪತ್ತು ಓವರ್ ಹಾಕಿ, ಮಲಗಿ, ಮರುದಿನ ಬೆಳಿಗ್ಗೆ ಅಂಗಿ ತೊಡಲು ಕೈ ಮೇಲೆತ್ತಿದಾಗ ಗೊತ್ತಾಗುತ್ತದೆ. ಮೊದಲು ಒಂದೇ ರಾತ್ರಿಯಲ್ಲಿ ಇಳಿಯುತ್ತಿದ್ದ ನೋವಿಗೆ ಈಗ ಎರಡು ಮೂರು ದಿನ ಬೇಕು. ಹಾಗಾಗಿ ‘ಈ ವಯಸ್ಸಿನಲ್ಲಿ ಇವನಿಂದ ಆದೀತೇ’ ಎಂಬುದು ಅರ್ಧ ಪ್ರಶ್ನೆ. ಎಷ್ಟು ಓವರ್, ಎಷ್ಟು ದಿನಕ್ಕೊಮ್ಮೆ, ಎಂಥ ಚೆಂಡು ಎಂದೂ ಕೇಳಿದಾಗ ಪ್ರಶ್ನೆ ಪೂರ್ತಿಯಾಗುತ್ತದೆ. ಕರ್ನಾಟಕದ ಬೌಲರುಗಳ ಚರಿತ್ರೆಯಲ್ಲಿ ಇದಕ್ಕೆ ಬೇಕಾದಷ್ಟು ಸಾಕ್ಷಿಗಳಿವೆ. ವಿಜಯಪುರ ಜಿಲ್ಲೆಯಲ್ಲೂ ಒಂದಿದೆ.

ವೇಗದ ಬೌಲಿಂಗ್ ಮನುಷ್ಯನ ಮೈಗೆ ಒಗ್ಗುವ ಕೆಲಸವಲ್ಲ. ಓಡಿಬಂದು ಮುಂಗಾಲು ಊರಿದಾಗ ಆ ಒಂದು ಕಾಲಿನ ಮೇಲೆ ಮೈತೂಕದ ಹಲವು ಪಟ್ಟು ಭಾರ ಬೀಳುತ್ತದೆ. ಅದೇ ಹೊತ್ತಿಗೆ ನಡು ತಿರುಚಿಕೊಳ್ಳುತ್ತದೆ, ಬೆನ್ನಿನ ಕೆಳಭಾಗ ಒಂದು ಪಕ್ಕಕ್ಕೆ ಬಾಗುತ್ತದೆ, ಭುಜದ ಕೀಲು ಬಿರುಸಿನಿಂದ ಸುತ್ತುತ್ತದೆ. ದಿನಕ್ಕೆ ನೂರು ಸಲ ಇದೇ ನಡೆಯಬೇಕು. ಥಟ್ಟನೆ ಬಲ ಹೊಮ್ಮಿಸುವ ಸ್ನಾಯುಗಳು ಮೂವತ್ತರ ನಂತರ ಮೆಲ್ಲಗೆ ಸೊರಗುತ್ತವೆ. ಸ್ನಾಯುವನ್ನು ಎಲುಬಿಗೆ ಬಿಗಿಯುವ ಎಳೆಗಳಿಗೆ ಆದ ಗಾಯ ಮಾಯಲು ಹೆಚ್ಚು ದಿನ ಹಿಡಿಯುತ್ತದೆ. ಸ್ಪಿನ್ನರನ ಬಂಡವಾಳ ಬೇರೆ. ಬೆರಳು, ಮಣಿಕಟ್ಟು, ಚೆಂಡನ್ನು ಗಾಳಿಯಲ್ಲಿ ತೂಗಿಬಿಡುವ ಹದ, ಎದುರಿಗಿರುವವನ ಕಾಲು ಯಾವ ಕಡೆ ಹೋದೀತು ಎಂಬ ಅಂದಾಜು. ಇವುಗಳಲ್ಲಿ ಕೊನೆಯದು ವರ್ಷ ಕಳೆದಂತೆ ಬೆಳೆಯುತ್ತದೆಯೇ ಹೊರತು ಕರಗುವುದಿಲ್ಲ. ಆದರೆ ಸ್ಪಿನ್ನರನಿಗೂ ಇರುವುದು ಒಂದೇ ಬೌಲಿಂಗ್ ಭುಜ, ಮೈದಾನದಲ್ಲಿ ಚೆಂಡಿನ ಹಿಂದೆ ಓಡಲು ಅವೇ ಎರಡು ಮೊಣಕಾಲು.

ಸ್ಪಿನ್ನರು ತಡವಾಗಿ ಮಾಗುತ್ತಾರೆ ಎಂಬ ಮಾತಿಗೆ ಇ.ಎ.ಎಸ್. ಪ್ರಸನ್ನ ಒಳ್ಳೆಯ ಉದಾಹರಣೆ. 1962ರಲ್ಲಿ ಟೆಸ್ಟ್ ಆಡಿ, ಎಂಜಿನಿಯರಿಂಗ್ ಓದಿಗಾಗಿ ಆಟವನ್ನು ಬದಿಗಿಟ್ಟು, 1967ರಲ್ಲಿ ಮರಳಿದ ಮೇಲೆ ಅವರ ನಿಜವಾದ ಬೌಲಿಂಗ್ ಶುರುವಾಯಿತು. 20 ಟೆಸ್ಟ್‌ಗಳಲ್ಲಿ 100 ವಿಕೆಟ್ ಮುಟ್ಟಿದರು. ಎಳವೆಯಲ್ಲೇ ಪೋಲಿಯೊದಿಂದ ಬಲಗೈ ಸೊರಗಿದ್ದ ಬಿ.ಎಸ್. ಚಂದ್ರಶೇಖರ್ 32ನೇ ವಯಸ್ಸಿನಲ್ಲಿ, 1977-78ರ ಮೆಲ್ಬರ್ನ್ ಟೆಸ್ಟ್‌ನಲ್ಲಿ, ಎರಡೂ ಇನಿಂಗ್ಸ್‌ಗಳಲ್ಲಿ 52 ರನ್ನಿಗೆ ತಲಾ 6 ವಿಕೆಟ್ ಪಡೆದರು. 1978ರ ಕೊನೆಯಲ್ಲಿ ಪಾಕಿಸ್ತಾನ ಪ್ರವಾಸಕ್ಕೆ ಹೋದಾಗ ಜಹೀರ್ ಅಬ್ಬಾಸ್ ಮತ್ತು ಜಾವೇದ್ ಮಿಯಾಂದಾದ್ ಭಾರತದ ಸ್ಪಿನ್ನರುಗಳನ್ನು ಚೆನ್ನಾಗಿ ದಂಡಿಸಿದರು. ವಯಸ್ಸಾದ ಸ್ಪಿನ್ನರುಗಳ ಕಾಲ ಅಲ್ಲಿಗೆ ಮುಗಿಯಿತೆಂದು ಈಗಲೂ ಬರೆಯುತ್ತಾರೆ. ಆಗ ಪ್ರಸನ್ನರಿಗೆ 38, ಚಂದ್ರಶೇಖರ್‌ಗೆ 33, ಬಿಷನ್ ಸಿಂಗ್ ಬೇಡಿಗೆ 32. ಆರು ವರ್ಷ ಅಂತರವಿರುವ ಮೂವರಿಗೂ ಒಂದೇ ಗತಿ ಆಯಿತೆಂದರೆ ತಪ್ಪನ್ನೆಲ್ಲ ಜನ್ಮದಿನಾಂಕದ ಮೇಲೆ ಹೊರಿಸುವುದು ನ್ಯಾಯವಲ್ಲ. ಎದುರಿಗಿದ್ದವರ ಬ್ಯಾಟೂ ಲೆಕ್ಕಕ್ಕೆ ಬರಬೇಕು.

ವೇಗಿಯ ಕಥೆ ಇನ್ನೂ ಕಠಿಣ. ಮೈಸೂರಿನ ಜಾವಗಲ್ ಶ್ರೀನಾಥ್ 1997ರಲ್ಲಿ ಭುಜದ ಶಸ್ತ್ರಚಿಕಿತ್ಸೆಗೆ ಒಳಗಾದರು. ಅಲ್ಲಿಗೆ ಅವರ ಕಥೆ ಮುಗಿಯಿತು ಎಂದವರಿದ್ದರು. 1999ರ ಫೆಬ್ರುವರಿಯಲ್ಲಿ ಕೋಲ್ಕತ್ತದಲ್ಲಿ ಪಾಕಿಸ್ತಾನದ ವಿರುದ್ಧ ಅವರು ಒಂದೇ ಟೆಸ್ಟ್‌ನಲ್ಲಿ 13 ವಿಕೆಟ್ ಪಡೆದರು; ಎರಡನೇ ಇನಿಂಗ್ಸ್‌ನಲ್ಲೇ ಎಂಟು. 2002ರಲ್ಲಿ ಟೆಸ್ಟ್ ಬಿಟ್ಟವರನ್ನು ನಾಯಕ ಸೌರವ್ ಗಂಗೂಲಿ ಮನವೊಲಿಸಿ ಕರೆತಂದರು. 2003ರ ವಿಶ್ವಕಪ್‌ನಲ್ಲಿ 33 ವರ್ಷದ ಶ್ರೀನಾಥ್ 16 ವಿಕೆಟ್ ಪಡೆದರು, ಭಾರತ ಫೈನಲ್ ತಲುಪಿತು. ಫೈನಲ್‌ನಲ್ಲಿ ಮಾತ್ರ 10 ಓವರಿಗೆ 87 ರನ್, ವಿಕೆಟ್ ಇಲ್ಲ. ಜನ ಈ ಕೊನೆಯ ಅಂಕಿಯನ್ನೇ ನೆನಪಿಟ್ಟುಕೊಂಡರು. ಅಂದು ಆಸ್ಟ್ರೇಲಿಯದ ರಿಕಿ ಪಾಂಟಿಂಗ್ ಎದುರು ಹರೆಯದ ವೇಗಿಗಳೂ ಬಚಾವಾಗಲಿಲ್ಲ ಎಂಬುದು ಮರೆತುಹೋಗಿದೆ.

ವಯಸ್ಸಿನ ಪ್ರಶ್ನೆಯನ್ನು ಅತ್ಯಂತ ದೀರ್ಘ ಕಾಲ, ಅತ್ಯಂತ ಬಹಿರಂಗವಾಗಿ ಎದುರಿಸಿದವರು ಅನಿಲ್ ಕುಂಬ್ಳೆ. ಹುಟ್ಟಿದ್ದು 17 ಅಕ್ಟೋಬರ್ 1970. ದೆಹಲಿಯಲ್ಲಿ 1999ರ ಫೆಬ್ರುವರಿಯಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್‌ಗಳನ್ನು 74 ರನ್ನಿಗೆ ಕಿತ್ತಾಗ ವಯಸ್ಸು 28. ಕುಂಬ್ಳೆ ಎಂದರೆ ಆ ದಿನವೇ ಎಂದು ಬಹಳ ಜನ ತಿಳಿದಿದ್ದಾರೆ. ಅವರ ನಿಜವಾದ ಸಾಧನೆ ಅದರ ನಂತರದ್ದು. ಮೂವತ್ತರ ಹೊಸ್ತಿಲಲ್ಲಿ ಭುಜ ಕೈಕೊಟ್ಟಿತು. ದಕ್ಷಿಣ ಆಫ್ರಿಕದಲ್ಲಿ ಶಸ್ತ್ರಚಿಕಿತ್ಸೆ ಆಯಿತು. 2001ರ ಆಸ್ಟ್ರೇಲಿಯ ಸರಣಿಯಲ್ಲಿ ಹರಭಜನ್ ಸಿಂಗ್ ಮೆರೆದಾಗ ಕುಂಬ್ಳೆ ಆಡುವ ಸ್ಥಿತಿಯಲ್ಲಿರಲಿಲ್ಲ. 2003ರ ವಿಶ್ವಕಪ್‌ನಲ್ಲಿ ಮೂರೇ ಪಂದ್ಯ ಆಡಿಸಿ ಉಳಿದಂತೆ ಹೊರಗೆ ಕೂರಿಸಿದರು. ತವರಿನ ಸವೆದ ಪಿಚ್‌ನಲ್ಲಿ ಮಾತ್ರ ಇವರ ಆಟ, ಅದೂ ಇನ್ನು ಎಷ್ಟು ದಿನ ಎಂಬ ಮಾತು ಹರಡಿತ್ತು.

ಆ ವರ್ಷದ ಕೊನೆಗೆ ಆಸ್ಟ್ರೇಲಿಯ ಪ್ರವಾಸದಲ್ಲಿ ಹರಭಜನ್ ಗಾಯಗೊಂಡಿದ್ದರಿಂದ ಕುಂಬ್ಳೆಗೆ ಜಾಗ ಸಿಕ್ಕಿತು. ಮೂರು ಟೆಸ್ಟ್‌ಗಳಲ್ಲಿ 24 ವಿಕೆಟ್! ಸಿಡ್ನಿಯಲ್ಲಿ ಒಂದೇ ಇನಿಂಗ್ಸ್‌ನಲ್ಲಿ 141 ರನ್ನಿಗೆ 8. ಮೊದಲಿನ ಕುಂಬ್ಳೆ ಚೆಂಡನ್ನು ಬಿರುಸಾಗಿ, ಚಪ್ಪಟೆಯಾಗಿ, ವಿಕೆಟ್‌ಗೆ ನೇರವಾಗಿ ತಳ್ಳುತ್ತಿದ್ದರು. ಈ ಪ್ರವಾಸದ ಕುಂಬ್ಳೆ ಚೆಂಡಿನ ವೇಗ ಇಳಿಸಿದರು, ಗಾಳಿಯಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿದರು, ಗೂಗ್ಲಿಯನ್ನು ಬೇರೆ ಬೇರೆ ವೇಗದಲ್ಲಿ ಹಾಕಿದರು. ಭುಜದಿಂದ ಬರುತ್ತಿದ್ದ ಬಲ ಕಡಿಮೆಯಾದ ಜಾಗವನ್ನು ಮಣಿಕಟ್ಟು ಮತ್ತು ತಲೆ ತುಂಬಿದವು. 33ರ ವಯಸ್ಸಿನಲ್ಲಿ ಹೊಸ ಪಾಠ ಕಲಿಯಲು ಕೂತ ವಿದ್ಯಾರ್ಥಿ ಎಂದರೂ ಸರಿಯೇ. 2004ರ ಒಂದೇ ವರ್ಷದಲ್ಲಿ 74 ಟೆಸ್ಟ್ ವಿಕೆಟ್ ಬಂದವು. 500ನೇ ವಿಕೆಟ್ 2006ರಲ್ಲಿ ಮೊಹಾಲಿಯಲ್ಲಿ, 600ನೆಯದು 2008ರ ಜನವರಿಯಲ್ಲಿ ಪರ್ತ್‌ನಲ್ಲಿ. ಒಟ್ಟು 132 ಟೆಸ್ಟ್‌ಗಳ 619 ವಿಕೆಟ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮೂವತ್ತು ದಾಟಿದ ಮೇಲೆ ಪಡೆದವು.

ಕೊನೆಯೂ ಅಷ್ಟೇ ಸ್ಪಷ್ಟವಾಗಿ ಬಂತು. 2008ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ಆಸ್ಟ್ರೇಲಿಯದ ವಿರುದ್ಧ, ತವರು ಜನರ ಎದುರು, ಒಂದೂ ವಿಕೆಟ್ ಸಿಗಲಿಲ್ಲ. ಭುಜ ನೋವಿನಿಂದ ಮೊಹಾಲಿ ಟೆಸ್ಟ್ ಆಡಲಾಗಲಿಲ್ಲ. ದೆಹಲಿ ಟೆಸ್ಟ್‌ನಲ್ಲಿ ಎಡಗೈ ಕಿರುಬೆರಳು ಸೀಳಿ 11 ಹೊಲಿಗೆ ಬಿದ್ದವು. ಆ ಗಾಯದ ನಡುವೆಯೇ ಮತ್ತೆ ಮೈದಾನಕ್ಕಿಳಿದು ಬೌಲ್ ಮಾಡಿ ಮಿಚೆಲ್ ಜಾನ್ಸನ್ ಅವರನ್ನು ತಾವೇ ಕ್ಯಾಚ್ ಹಿಡಿದು ಔಟ್ ಮಾಡಿದರು. ನವೆಂಬರ್ 2ರಂದು ನಿವೃತ್ತಿ ಹೇಳಿದರು. ಈ ಕೆಲವು ವಾರಗಳನ್ನು ಮಾತ್ರ ನೋಡಿದವರು 38ರ ಕುಂಬ್ಳೆ ಮುಗಿದ ಬೌಲರ್ ಎಂದೇ ತೀರ್ಪು ಕೊಡಬೇಕು.

ಆರೇ ತಿಂಗಳಲ್ಲಿ ಅದೇ ಭುಜ ಬೇರೆ ಕಥೆ ಹೇಳಿತು. 2009ರ ಐಪಿಎಲ್ ದಕ್ಷಿಣ ಆಫ್ರಿಕದಲ್ಲಿ ನಡೆಯಿತು. ಏಪ್ರಿಲ್ 18ರಂದು ಕೇಪ್‌ಟೌನ್‌ನಲ್ಲಿ ರಾಜಸ್ಥಾನ ರಾಯಲ್ಸ್ ವಿರುದ್ಧ ಕುಂಬ್ಳೆ 5 ರನ್ನಿಗೆ 5 ವಿಕೆಟ್ ಪಡೆದರು. ಫೈನಲ್‌ನಲ್ಲಿ ಡೆಕ್ಕನ್ ಚಾರ್ಜರ್ಸ್ ವಿರುದ್ಧ 16ಕ್ಕೆ 4. ಆಡಂ ಗಿಲ್‌ಕ್ರಿಸ್ಟ್ ಸೊನ್ನೆಗೆ ಬೌಲ್ಡ್. ಅವರ ತಂಡ ರಾಯಲ್ ಚಾಲೆಂಜರ್ಸ್ 6 ರನ್ನಿನಿಂದ ಸೋತರೂ ಪಂದ್ಯಶ್ರೇಷ್ಠ ಕುಂಬ್ಳೆಯೇ. ಆ ಟೂರ್ನಿಯಲ್ಲಿ ಅವರಿಗೆ 21 ವಿಕೆಟ್. ನವೆಂಬರಿನಿಂದ ಮೇ ತಿಂಗಳಿಗೆ ಅವರೇನು ಚಿಕ್ಕವರಾಗಿರಲಿಲ್ಲ. ಬದಲಾದದ್ದು ಕೆಲಸದ ಅಳತೆ. ಟೆಸ್ಟ್‌ನಲ್ಲಿ ದಿನಕ್ಕೆ ಇಪ್ಪತ್ತು, ಮೂವತ್ತು ಓವರ್, ಮರುದಿನ ಮತ್ತೆ ಅಷ್ಟೇ. ಇಲ್ಲಿ ಪಂದ್ಯಕ್ಕೆ ನಾಲ್ಕು. ಬುದ್ಧಿ ಪೂರ್ತಿ ಉಳಿದಿತ್ತು, ಭುಜದಲ್ಲಿ ಉಳಿದಿದ್ದ ಕಸುವು ನಾಲ್ಕು ಓವರಿಗೆ ಸಾಕಾಗಿತ್ತು. ಮುಂಬೈಯ ಪ್ರವೀಣ್ ತಾಂಬೆ 41ನೇ ವಯಸ್ಸಿನಲ್ಲಿ ಐಪಿಎಲ್‌ಗೆ ಕಾಲಿಟ್ಟು ವಿಕೆಟ್ ಪಡೆದದ್ದರ ಗುಟ್ಟೂ ಇದೇ.

ಕೆಲಸದ ಅಳತೆಯ ಈ ಮಾತನ್ನು ಬೇರೊಂದು ಆಟವೂ ಹೇಳುತ್ತದೆ. ಬೇಸ್‌ಬಾಲ್‌ನಲ್ಲಿ ಬೌಲರನ ಕೆಲಸ ಮಾಡುವವನು ಪಿಚರ್. ಅಲ್ಲಿ ಓಟವಿಲ್ಲ, ನಿಂತ ಜಾಗದಿಂದಲೇ ಎಸೆತ. ಮೊಣಕೈ ಮಡಚಿ ಬಿಡಿಸುವುದರಿಂದ ಏಟು ಬೀಳುವುದೂ ಹೆಚ್ಚಾಗಿ ಅಲ್ಲಿಗೇ. 1974ರಲ್ಲಿ ಟಾಮಿ ಜಾನ್ ಎಂಬ ಪಿಚರನ ಹರಿದ ಮೊಣಕೈ ಕಟ್ಟನ್ನು ಡಾ. ಫ್ರಾಂಕ್ ಜೋಬ್ ಬೇರೆ ಕಡೆಯ ಸ್ನಾಯುರಜ್ಜು ತೆಗೆದು ಕಟ್ಟಿದರು. ಟಾಮಿ ಜಾನ್ ಆಮೇಲೆ 46ರವರೆಗೆ ಆಡಿದರು; ಆ ಶಸ್ತ್ರಚಿಕಿತ್ಸೆಗೆ ಅವರದೇ ಹೆಸರು ಉಳಿದಿದೆ. ನೋಲನ್ ರಯಾನ್ 44ನೇ ವಯಸ್ಸಿನಲ್ಲಿ, 1991ರಲ್ಲಿ, ಎದುರಾಳಿ ತಂಡಕ್ಕೆ ಒಂದೂ ಹಿಟ್ ಕೊಡದೆ ಇಡೀ ಪಂದ್ಯ ಎಸೆದರು. ಆದರೆ ರಯಾನ್ ನಿಯಮವಲ್ಲ, ಅಪವಾದ. ಹೆಚ್ಚು ಕಲಿಸುವವರು ಜೇಮಿ ಮೋಯರ್. 2012ರಲ್ಲಿ 49ನೇ ವಯಸ್ಸಿನಲ್ಲಿ ಪಂದ್ಯ ಗೆದ್ದುಕೊಟ್ಟಾಗ ಅವರ ಅತಿ ವೇಗದ ಎಸೆತವೂ ಗಂಟೆಗೆ 130 ಕಿಲೊಮೀಟರ್ ಮುಟ್ಟುತ್ತಿರಲಿಲ್ಲ. ಆ ಮಟ್ಟದ ಆಟದಲ್ಲಿ ಅದು ಮಕ್ಕಳ ವೇಗ. ಇನ್ನೊಂದು ಮಾತು: ಅಲ್ಲಿ ಪಂದ್ಯ ಆರಂಭಿಸುವ ಪಿಚರ್ ಈಗ ಸಾಮಾನ್ಯವಾಗಿ ಐದು ದಿನಕ್ಕೊಮ್ಮೆ ಮಾತ್ರ ಎಸೆಯುತ್ತಾನೆ. ನಡುವಿನ ದಿನಗಳು ತೋಳಿಗೆ ಬಿಡುವು. ಮರುದಿನ ಬೆಳಗಿನ ನೋವನ್ನು ಆ ಆಟ ವೇಳಾಪಟ್ಟಿಯಲ್ಲೇ ಒಪ್ಪಿಕೊಂಡಿದೆ.

ಕ್ರಿಕೆಟ್‌ನಲ್ಲಿ ಹಾಗೆ ಬಿಡುವು ಸಿಕ್ಕ ವೇಗಿಗಳು ಲೆಕ್ಕ ತಲೆಕೆಳಗು ಮಾಡಿದ್ದಾರೆ. ಇಂಗ್ಲೆಂಡಿನ ಜೇಮ್ಸ್ ಆಂಡರ್ಸನ್ 2015ರ ವಿಶ್ವಕಪ್ ಬಳಿಕ ಏಕದಿನ ಪಂದ್ಯ ಆಡಲಿಲ್ಲ. ಟೆಸ್ಟ್‌ಗೆ ಮಾತ್ರ ಮೈ ಮೀಸಲಿಟ್ಟು 2024ರ ಜುಲೈನಲ್ಲಿ, 42ಕ್ಕೆ ಕೆಲವೇ ದಿನ ಇರುವಾಗ, 704 ವಿಕೆಟ್‌ಗಳೊಂದಿಗೆ ನಿಲ್ಲಿಸಿದರು. ಝೂಲನ್ ಗೋಸ್ವಾಮಿ 2002ರಿಂದ 2022ರವರೆಗೆ, 39ರವರೆಗೆ, ಭಾರತಕ್ಕೆ ವೇಗದ ಬೌಲಿಂಗ್ ಮಾಡಿದರು. ಇಪ್ಪತ್ತು ವರ್ಷದಲ್ಲಿ ಅವರು ಆಡಿದ ಟೆಸ್ಟ್ 12 ಮಾತ್ರ. ಮಹಿಳಾ ಕ್ರಿಕೆಟ್‌ಗೆ ಪಂದ್ಯಗಳನ್ನೇ ಕೊಡದಿದ್ದದ್ದು ಅನ್ಯಾಯ. ಆ ಅನ್ಯಾಯವೇ ಅವರ ಬೆನ್ನನ್ನು ಕಾಪಾಡಿತೋ ಏನೋ. ದಾವಣಗೆರೆಯ ವಿನಯ್ ಕುಮಾರ್‌ಗೆ ಅಂಥ ಬಿಡುವು ಇರಲಿಲ್ಲ. ದೇಶಿ ಕ್ರಿಕೆಟ್‌ನಲ್ಲಿ ಋತುವಿನಿಂದ ಋತುವಿಗೆ ಓಡಿ, 33ರಲ್ಲಿ ಮುಂಬೈ ವಿರುದ್ಧ ರಣಜಿ ಕ್ವಾರ್ಟರ್‌ಫೈನಲ್‌ನಲ್ಲಿ ಹ್ಯಾಟ್ರಿಕ್ ಪಡೆದು, 2021ರಲ್ಲಿ 504 ಪ್ರಥಮದರ್ಜೆ ವಿಕೆಟ್‌ಗಳೊಂದಿಗೆ ನಿವೃತ್ತರಾದರು. ಅವರ ಚೆಂಡಿನಲ್ಲಿ ಮೊದಲಿನಿಂದಲೂ ಭಾರಿ ವೇಗವಿರಲಿಲ್ಲ. ಹೀಗಾಗಿ ಕಳೆದುಕೊಳ್ಳಲು ಹೆಚ್ಚೇನೂ ಇರಲಿಲ್ಲ.

ವಿಜಯಪುರದ ಸಾಕ್ಷಿ ರಾಜೇಶ್ವರಿ ಗಾಯಕವಾಡ. 1991ರಲ್ಲಿ ಹುಟ್ಟಿದ ಈ ಎಡಗೈ ಸ್ಪಿನ್ನರ್ 2017ರ ವಿಶ್ವಕಪ್‌ನಲ್ಲಿ ಬಹಳ ದಿನ ಬೆಂಚಿನಲ್ಲಿ ಕೂತು, ಸೆಮಿಫೈನಲ್ ತಲುಪಲು ಗೆಲ್ಲಲೇಬೇಕಿದ್ದ ಡರ್ಬಿ ಪಂದ್ಯದಲ್ಲಿ ನ್ಯೂಜಿಲೆಂಡಿನ 5 ವಿಕೆಟ್‌ಗಳನ್ನು 15 ರನ್ನಿಗೆ ಕಿತ್ತರು. ನ್ಯೂಜಿಲೆಂಡ್ 79ಕ್ಕೆ ಮುಗಿಯಿತು. ಐದು ವರ್ಷದ ನಂತರ, ಮೂವತ್ತು ತುಂಬಿದ ಮೇಲೆ, 2022ರ ವಿಶ್ವಕಪ್‌ನಲ್ಲಿ ಪಾಕಿಸ್ತಾನದ ವಿರುದ್ಧ 31ಕ್ಕೆ 4. 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ಎರಡು ವಿಕೆಟ್, ಕೊರಳಿಗೆ ಚಿನ್ನದ ಪದಕ. ಎಡಗೈ ಸ್ಪಿನ್ನರಿಗೆ ಮೂವತ್ತರ ಆರಂಭ ಮುಪ್ಪಲ್ಲ. ಗದಗಿನ ಸುನಿಲ್ ಜೋಶಿ ಅದೇ ಬಗೆಯ ಬೌಲಿಂಗ್‌ನಲ್ಲಿ ನಲವತ್ತರ ಆಸುಪಾಸಿನವರೆಗೂ ರಣಜಿ ಆಡಿದರು. ಆದರೂ ಇಂದಿನ ಆಯ್ಕೆಯಲ್ಲಿ ಚೆಂಡಿನಷ್ಟೇ ಫೀಲ್ಡಿಂಗ್ ಮತ್ತು ಬ್ಯಾಟಿಂಗ್ ನೋಡುತ್ತಾರೆ. ಬೌಲರನ ವಯಸ್ಸು ಬೌಂಡರಿ ಗೆರೆಯಲ್ಲಿ ಮೊದಲು ಸಿಕ್ಕಿಬೀಳುತ್ತದೆ.

ಇದೇ ವಿಜಯಪುರ ಜಿಲ್ಲೆಯ ನಾಲತವಾಡದ ಸುತ್ತಿನ ಎರೆ ಭೂಮಿಯಲ್ಲಿ ಈ ಲೆಕ್ಕ ಹೊಸದೇನಲ್ಲ. ಗಟ್ಟಿ ನೆಲದಲ್ಲಿ ರಂಟೆ ಹೊಡೆಯಲು ಹರೆಯದ ಎತ್ತು ಬೇಕು. ಕೂರಿಗೆ ಹೂಡುವಾಗ ಸಾಲು ತಪ್ಪದ, ಪಳಗಿದ ಎತ್ತಿಗೆ ಬೆಲೆ. ಅದನ್ನೂ ಬಿಸಿಲೇರುವ ಮುಂಚೆ ಬಿಡಬೇಕು. ಆದರೆ ಇಲ್ಲಿನ ಟೆನಿಸ್ ಬಾಲ್ ಕ್ರಿಕೆಟ್ ಟೂರ್ನಿಗಳಲ್ಲಿ ಈ ವಿವೇಕ ಕಾಣುವುದಿಲ್ಲ. ಒಂದೇ ದಿನ ಎರಡು, ಮೂರು ಪಂದ್ಯ. ಗೆಲ್ಲುತ್ತ ಹೋದಷ್ಟೂ ಆಟ. ಚೆಂಡು ಹಗುರ, ಆದ್ದರಿಂದ ಅದನ್ನು ಬಿರುಸಾಗಿ ಬಿಡಲು ಭುಜವನ್ನು ಇನ್ನೂ ಜೋರಾಗಿ ಬೀಸಬೇಕು. ನಲವತ್ತು ದಾಟಿದವನು ಬೆಳಗಿನ ಪಂದ್ಯದಲ್ಲಿ ಕೊನೆಯ ಓವರ್ ಹಾಕಿ ಗೆಲ್ಲಿಸುತ್ತಾನೆ, ಸಂಜೆಯ ಫೈನಲ್‌ನಲ್ಲಿ ಅವನಿಗೇ ಮೂರು ಸಿಕ್ಸರ್ ಬೀಳುತ್ತವೆ, ಜನ ‘ವಯಸ್ಸಾತು’ ಎಂದು ನಗುತ್ತಾರೆ. ಬೆಳಿಗ್ಗೆ ಇಲ್ಲದ ವಯಸ್ಸು ಸಂಜೆಗೆ ಬಂದದ್ದಲ್ಲ. ಟೂರ್ನಿ ನಡೆಸುವವರು ಫೈನಲ್‌ ಅನ್ನು ಮರುವಾರಕ್ಕೆ ಇಡಲಿ, ತಂಡದ ನಾಯಕರು ಹಿರಿಯ ಬೌಲರಿಗೆ ದಿನಕ್ಕೆ ಒಂದೇ ಪಂದ್ಯದಲ್ಲಿ ಚೆಂಡು ಕೊಡಲಿ.