ಅಣಬೆಯ ಪಾಠಕ್ಕೆ ಗೈಡ್ ಇಲ್ಲ

ಕಾಡಿನ ಅಣಬೆ ಎಂದರೆ ಮುಂಬಯಿಯ ನಮ್ಮ ಕನ್ನಡ ಗೆಳೆಯರಲ್ಲಿ ಎರಡು ಪಕ್ಷ. ಒಂದು ಪಕ್ಷಕ್ಕೆ ಅದೆಲ್ಲ ವಿಷ, ಮಾರ್ಕೆಟ್ಟಿನ ಬಿಳಿ ಬಟನ್ ಅಣಬೆಯೇ ಕ್ಷೇಮ. ಇನ್ನೊಂದು ಪಕ್ಷಕ್ಕೆ ‘ನಮ್ಮ ಅಜ್ಜ-ಅಜ್ಜಿ ತಿಂದದ್ದು, ನಮಗೇನಾಗ್ತದೆ’ ಎಂಬ ಧೈರ್ಯ. ಇಬ್ಬರದೂ ತಪ್ಪು ಅಂತ ನನ್ನ ವಾದ.

ಕಾರ್ಕಳದ ಕಡೆ ನಮ್ಮ ಮನೆಯವರೆಲ್ಲ ಮೊದಲ ಮಳೆ ಬಿದ್ದ ಮೇಲೆ ಅಣಬೆಗೆ ಹೊರಡುವುದುಂಟು. ಅಜ್ಜಿ ಮುಂದೆ, ನಾವು ಹಿಂದೆ. ಅಜ್ಜಿ ಹುಡುಕುವುದು ಅಣಬೆಯನ್ನಲ್ಲ, ಜಾಗವನ್ನು. ಯಾವ ಹುತ್ತದ ಬಳಿ ಕಳೆದ ವರ್ಷ ಎದ್ದಿತ್ತು, ಕಲ್ಲಣಬೆ ಯಾವ ಮರದ ಕೆಳಗೆ ಸಿಕ್ಕಿತ್ತು ಎಂಬುದೆಲ್ಲ ಅವರ ತಲೆಯಲ್ಲಿದೆ. ಇದರಲ್ಲಿ ಅರ್ಥವಿದೆ. ಹುತ್ತದೊಳಗೆ ಗೆದ್ದಲು ಒಣಗಿದ ಎಲೆ-ಕಟ್ಟಿಗೆಯ ಚೂರು ತಂದು, ಅದರ ಮೇಲೆ ಶಿಲೀಂಧ್ರ ಬೆಳೆಸಿ ತಿನ್ನುತ್ತದೆ. ಮಳೆ ಬಂದಾಗ ಅದೇ ಅಣಬೆಯಾಗಿ ಮೇಲೇಳುತ್ತದೆ. ಕಲ್ಲಣಬೆಯೋ ಜೀವಂತ ಮರದ ಬೇರಿನೊಂದಿಗೆ ಕೊಟ್ಟು-ಕೊಂಡು ಬದುಕುವಂಥದು. ಹುತ್ತ ಅಗೆದರೆ, ಮರ ಕಡಿದರೆ ಅಣಬೆಯೂ ಇಲ್ಲ. 1983ರಲ್ಲಿ ಹಿಮಾಚಲದ ಸೋಲನ್‌ನಲ್ಲಿ ಅಣಬೆಗೆಂದೇ ರಾಷ್ಟ್ರೀಯ ಸಂಶೋಧನಾ ಕೇಂದ್ರ ಶುರುವಾಯಿತು. ಬಟನ್ ಅಣಬೆ ಈಗ ಪೇಟೆ ತುಂಬ ಇದೆ. ಆದರೆ ಹುತ್ತದ ಅಣಬೆಯನ್ನು ವ್ಯಾಪಾರಕ್ಕಾಗುವಷ್ಟು ಬೆಳೆಸುವುದು ಮನುಷ್ಯನ ಕೈಗೆ ಇನ್ನೂ ಬಂದಿಲ್ಲ. ಗೆದ್ದಲಿಗೆ ಬಂದಿದೆ!

ಹಾಗಂತ ಬಾಯಿಂದ ಬಾಯಿಗೆ ಬಂದದ್ದೆಲ್ಲ ವೇದವಾಕ್ಯವಲ್ಲ. ಬೆಳ್ಳಿ ನಾಣ್ಯ ಹಾಕಿ ಕುದಿಸು, ಕಪ್ಪಾದರೆ ವಿಷ ಅಂತಾರೆ. ಹುಳ ತಿಂದದ್ದನ್ನು ನಾವೂ ತಿನ್ನಬಹುದು ಅಂತಾರೆ. ಎರಡೂ ಸುಳ್ಳು. ಅಮಾನಿಟಾ ಕುಲದ ಕೆಲವು ಅಣಬೆಗಳ ವಿಷ ಬೆಳ್ಳಿಗೆ ತಿಳಿಯದು, ಕುದಿಸಿದರೂ ಹೋಗದು. ತಿಂದು ಆರು ಗಂಟೆ ಕಳೆದರೂ ಏನೂ ಆಗದೆ, ಆಮೇಲೆ ವಾಂತಿ-ಭೇದಿ ಹಿಡಿಯಬಹುದು. ನಡುವೆ ಗುಣವಾದಂತೆ ಕಂಡು ಕೊನೆಗೆ ಲಿವರನ್ನೇ ಕೆಡಿಸುತ್ತದೆ. ಮೊಬೈಲಿನಲ್ಲಿ ಫೋಟೊ ಹಿಡಿದು ಹೆಸರು ಕೇಳುವುದೂ ಬೆಳ್ಳಿ ನಾಣ್ಯದ ತಮ್ಮನೇ. ಫೋಟೊದಲ್ಲಿ ಮಣ್ಣೊಳಗಿನ ಬುಡ ಕಾಣದು, ವಾಸನೆ ಬಾರದು. ಅಜ್ಜಿಯ ನಿಯಮ ಒಂದೇ: ಗುರುತಿಲ್ಲದ್ದು ಬುಟ್ಟಿಗೆ ಬೀಳಕೂಡದು. ಅನುಮಾನ ಬಂದದ್ದನ್ನು ಅವರು ಪರೀಕ್ಷೆ ಮಾಡುವುದಿಲ್ಲ, ಬಿಟ್ಟು ಬರುತ್ತಾರೆ.

ಗೆಳೆಯರೇ, ಈ ಗುರುತು ರಕ್ತದಲ್ಲಿ ಬರುವುದಿಲ್ಲ. ಅಜ್ಜಿ ತಿಂದರು ಅಂತ ಮೊಮ್ಮಕ್ಕಳಿಗೆ ಹಕ್ಕು ಹುಟ್ಟುವುದಿಲ್ಲ. ಆಸ್ತಿಯಾದರೆ ಉಯಿಲು ಬರೆದಿಡಬಹುದು. ಇದನ್ನು ಹಲವು ಮಳೆಗಾಲ ಹಿರಿಯರ ಬೆನ್ನ ಹಿಂದೆ ನಡೆದೇ ಕಲಿಯಬೇಕು. ನಾವೋ ಪರೀಕ್ಷೆ, ನೌಕರಿ ಎಂದು ಊರಿನ ಮಳೆಯನ್ನೇ ಕಾಣದವರಾಗುತ್ತಿದ್ದೇವೆ. ಹೀಗೇ ಆದರೆ ಅಜ್ಜಿಯಂದಿರ ಜೊತೆ ಈ ವಿದ್ಯೆಯೂ ಮುಗಿಯಿತು. ಉಳಿಯುವುದು ಬರೀ ಹೆದರಿಕೆ, ಇಲ್ಲವೇ ಬರೀ ಹುಂಬತನ.

ಆದ್ದರಿಂದ ಮುಂಗಾರಿನ ಹೊತ್ತಿಗೆ ನಾಲ್ಕು ದಿನ ಸಿಕ್ಕರೆ ಊರಿಗೆ ಹೋಗಿ, ತಿಳಿದವರ ಜೊತೆ ಗುಡ್ಡ ಹತ್ತಿ. ಮೊದಲ ವರ್ಷ ಬುಟ್ಟಿ ಹೊರುವ ಕೆಲಸ ಮಾತ್ರ ಮಾಡಿ. ಕೀಳುವ ಅಧಿಕಾರ ಅವರು ಕೊಟ್ಟಾಗ ಸಾಕು.