ಗೃಹಸ್ಥರ ಜಮಾಖರ್ಚು: ಅಗ್ಗದ ಸಾಲಕ್ಕೂ ಆದಾಯಕರವೆ?

ಹಾನಗಲ್ಲಿನಿಂದ ಸೋದರಿಯೊಬ್ಬರು ಬರೆದಿರುತ್ತಾರೆ. ಅವರ ಯಜಮಾನರು ಬ್ಯಾಂಕೊಂದರಲ್ಲಿ ಅಧಿಕಾರಿಗಳು. ಶಿಗ್ಗಾಂವಿಯಲ್ಲಿ ಮನೆ ಕಟ್ಟಿಸುವುದಕ್ಕೆ ಆ ಬ್ಯಾಂಕಿನಿಂದಲೇ ನೂರಕ್ಕೆ 5ರ ಬಡ್ಡಿಯಲ್ಲಿ ಸಾಲ ಪಡೆದಿದ್ದಾರೆ. ಕಚೇರಿಯವರು ಕೊಟ್ಟ 2025-26ರ ಕರದ ಲೆಕ್ಕದಲ್ಲಿ, ಸಂಬಳದ ಮೇಲೆ 48,000 ರೂಪಾಯಿಯನ್ನು ಹೆಚ್ಚಿನ ಆದಾಯವೆಂದು ಕೂಡಿಸಲಾಗಿದೆಯಂತೆ. “ಬಡ್ಡಿ ತೆರುವವರು ನಾವು. ಅದೇ ಸಾಲವನ್ನು ನಮ್ಮ ಗಳಿಕೆಯೆಂದು ಎಣಿಸುವುದು ಯಾವ ನ್ಯಾಯ?” ಎಂದು ಅವರು ಕೇಳುತ್ತಾರೆ.

ಪ್ರಶ್ನೆಯು ಸಹಜವಾದುದೇ. ಸವಣೂರಿನ ಪೇಟೆಯಲ್ಲಿ ಅಂಗಡಿಯ ಧಣಿಯು ಗುಮಾಸ್ತನಿಗೆ ಮಗಳ ಮದುವೆಗೆಂದು ಬಡ್ಡಿಯಿಲ್ಲದೆ ಹಣ ಕೊಟ್ಟರೆ ನಾವು ಅದನ್ನು ದೊಡ್ಡ ಮನಸ್ಸೆನ್ನುತ್ತೇವೆ. ಕಾನೂನಾದರೋ, ಉಳಿದ ಬಡ್ಡಿಯು ಸಂಬಳದ ಜೊತೆಗೆ ದೊರೆತ ಸವಲತ್ತೆನ್ನುತ್ತದೆ. ಬ್ಯಾಂಕು ನೌಕರರ ಸಂಘಗಳು ಇದನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದವರೆಗೂ ಹೋದುವು. 2024ರ ಮೇ 7ರಂದು ನ್ಯಾಯಮೂರ್ತಿ ಸಂಜೀವ ಖನ್ನಾ ಮತ್ತು ನ್ಯಾಯಮೂರ್ತಿ ದೀಪಾಂಕರ ದತ್ತಾ ಅವರ ಪೀಠವು ನಿಯಮವನ್ನು ಎತ್ತಿಹಿಡಿಯಿತು. ಎಲ್ಲ ಬ್ಯಾಂಕುಗಳ ನೌಕರರಿಗೂ ಸ್ಟೇಟ್ ಬ್ಯಾಂಕಿನ ದರವೊಂದನ್ನೇ ಅಳತೆಗೋಲಾಗಿ ಹಿಡಿಯಬಾರದೆಂಬ ವಾದವೂ ನಿಲ್ಲಲಿಲ್ಲ. ನೆರೆಮನೆಯ ಶಾಲಾ ಮಾಸ್ತರರು ಅಂಥದೇ ಮನೆಗೆ ಪೂರ್ತಿ ಬಡ್ಡಿ ತೆರುತ್ತಿರುವುದನ್ನು ನೆನೆದರೆ, ನನಗಂತೂ ಈ ತೀರ್ಪು ಕಠೋರವೆನಿಸುವುದಿಲ್ಲ.

ಆದರೆ ಕರವು ಸಲ್ಲತಕ್ಕದ್ದೆಂದ ಮಾತ್ರಕ್ಕೆ ಕಚೇರಿಯ ಅಂಕಿಯು ಸರಿಯೆಂದಾಗಲಿಲ್ಲ. 1962ರ ಆದಾಯಕರ ನಿಯಮಗಳಲ್ಲಿ 3ನೆಯದರ ಮೇರೆಗೆ, ವರ್ಷದ ಮೊದಲ ದಿನ, ಎಂದರೆ ಏಪ್ರಿಲ್ 1ರಂದು, ಅದೇ ಉದ್ದೇಶದ ಸಾಲಕ್ಕೆ ಸ್ಟೇಟ್ ಬ್ಯಾಂಕು ಹಾಕುತ್ತಿದ್ದ ದರವನ್ನು ಹಿಡಿಯಬೇಕು. ಪ್ರತಿ ತಿಂಗಳ ಕಡೆಯ ದಿನ ಉಳಿದಿರುವ ಬಾಕಿಗೆ ಆ ದರದಿಂದ ಬಡ್ಡಿ ಕಟ್ಟಿ, ನೌಕರನು ನಿಜವಾಗಿ ತೆತ್ತ ಬಡ್ಡಿಯನ್ನು ಅದರಲ್ಲಿ ಕಳೆಯಬೇಕು. ಉಳಿದುದೇ ಸವಲತ್ತಿನ ಬೆಲೆ.

ಲೆಕ್ಕದ ಸಲುವಾಗಿ ಸ್ಟೇಟ್ ಬ್ಯಾಂಕಿನ ದರ ನೂರಕ್ಕೆ 9 ಎಂದಿಟ್ಟುಕೊಳ್ಳೋಣ; ಅಂತರ 4. ಏಪ್ರಿಲ್ ಕಡೆಗೆ ಬಾಕಿ 12,00,000. ಕಚೇರಿಯವರು ಇದನ್ನೇ ವರ್ಷವಿಡೀ ಹಿಡಿದು 48,000 ಬರೆದಿರುವಂತೆ ಕಾಣುತ್ತದೆ. ಆದರೆ ಸೋದರಿಯವರ ಪತ್ರದ ಪ್ರಕಾರ, ಮೇ ತಿಂಗಳಿನಿಂದ ಅಸಲಿಗೆ ತಿಂಗಳಿಗೆ 10,000 ಸಂದಿದೆ. ಮೇಲಾಗಿ ತವರಿನಿಂದ ಬಂದ ತಮ್ಮ ಪಾಲಿನ ಹಣದಲ್ಲಿ 3,00,000ವನ್ನು ಅವರು ಅಕ್ಟೋಬರದಲ್ಲಿ ಸಾಲಕ್ಕೆ ತುಂಬಿದ್ದಾರೆ. ಹೀಗೆ ಹನ್ನೆರಡು ತಿಂಗಳ ಬಾಕಿಗಳನ್ನು ಕೂಡಿಸಿದರೆ 1,19,40,000. ಅದಕ್ಕೆ ನೂರಕ್ಕೆ 4ರಂತೆ ಕಟ್ಟಿ 12ರಿಂದ ಭಾಗಿಸಿದರೆ 39,800 ಮಾತ್ರ. 8,200 ರೂಪಾಯಿ ಸುಮ್ಮನೆ ಹೆಚ್ಚಿಗೆ ಬಿದ್ದಿದೆ. ನೂರಕ್ಕೆ 20ರ ಮೆಟ್ಟಿಲಲ್ಲಿರುವವರಿಗೆ ಸೆಸ್ಸು ಸೇರಿ ಇದು ಸುಮಾರು 1,706 ರೂಪಾಯಿಯ ಕರ. ಕೊಟ್ಟದ್ದು ತವರಿನ ಹಣ; ಅದರ ಫಲವಾದರೂ ಮನೆಗೆ ದಕ್ಕಬೇಡವೇ?

ಹಿರೇಕೆರೂರಿನ ವಾಚಕರೊಬ್ಬರ ಸಂಗತಿ ಬೇರೆ. ತಾಯಿಯವರ ಕ್ಯಾನ್ಸರ್ ಚಿಕಿತ್ಸೆಗೆ ಧಣಿಗಳಿಂದ ಬಡ್ಡಿಯಿಲ್ಲದೆ 1,50,000 ತಂದಿದ್ದಾರೆ. ನಿಯಮದಲ್ಲಿ ಹೆಸರಿಸಿದ ಕ್ಯಾನ್ಸರ್, ಕ್ಷಯ ಮುಂತಾದ ರೋಗಗಳ ಚಿಕಿತ್ಸೆಯ ಸಾಲಕ್ಕೆ ವಿನಾಯಿತಿಯುಂಟು. ಆದರೆ ವಿಮೆಯಿಂದ ಮರಳಿ ಬಂದಷ್ಟು ಹಣಕ್ಕೆ ಅದು ಸಲ್ಲದು. ಇವರಿಗೆ ವಿಮೆಯವರು 60,000 ಕೊಟ್ಟಿದ್ದಾರೆ. ಅದು ಬಂದ ತಿಂಗಳಲ್ಲಿಯೇ ಸಾಲಕ್ಕೆ ಜಮೆ ಮಾಡಿದರೆ ತೊಡಕಿಲ್ಲ. ಮನೆಯಲ್ಲಿಟ್ಟುಕೊಂಡರೆ ಅಷ್ಟಕ್ಕೆ ಲೆಕ್ಕ ಹತ್ತುತ್ತದೆ.

ಸಣ್ಣ ಸಾಲಗಳ ಮಾತು: ಎಲ್ಲವೂ ಕೂಡಿ 20,000 ಮೀರದಿದ್ದರೆ ಕರವಿಲ್ಲ. 25,000 ಆದರೆ ಮೇಲಿನ 5,000ಕ್ಕಲ್ಲ, ಇಡೀ ಮೊತ್ತಕ್ಕೆ ಲೆಕ್ಕ. ಹೆಂಡತಿಯ ಹೆಸರಿನಲ್ಲಿ ಪಡೆದರೆ ತಪ್ಪಿತೆಂದು ತಿಳಿಯಬೇಡಿರಿ. ಮನೆಯವರಿಗೆ ಕೊಟ್ಟ ಸಾಲವೂ ಸೇರುತ್ತದೆ, ಮತ್ತು ನಿಯಮದ “ಮನೆಯವರು” ಎಂಬ ಮಾತಿನಲ್ಲಿ ತಂದೆತಾಯಿ, ಸೊಸೆ, ಅಳಿಯನಷ್ಟೇ ಅಲ್ಲ, ಮನೆಯ ಆಳುಗಳೂ ಇದ್ದಾರೆ!

ಸೋದರಿಯವರು ಸಾಲದ ಖಾತೆಯ ತಿಂಗಳುವಾರು ಪಟ್ಟಿಯನ್ನು ಯಜಮಾನರ ಕೈಯಲ್ಲಿ ಕಚೇರಿಗೆ ಕಳುಹಿಸಿ, ಫಾರ್ಮ್ 12ಬಿಎಯಲ್ಲಿ ಸಾಲದ ಸಾಲಿನೆದುರು ಬರೆದ ಅಂಕಿಯನ್ನು ತಾಳೆ ನೋಡಲಿ. 2026ರ ಏಪ್ರಿಲ್ 1ರಿಂದ ಮೊದಲಾಗುವ ವರ್ಷಗಳಿಗೆ 2025ರ ಹೊಸ ಆದಾಯಕರ ಕಾಯ್ದೆಯು ಅನ್ವಯಿಸುವುದರಿಂದ, ಆ ಲೆಕ್ಕಕ್ಕೆ ಹೊಸ ನಿಯಮಗಳ ಮಿತಿಗಳನ್ನೇ ನೋಡತಕ್ಕದ್ದು.